ಅರ್ಜಿಗೆ ಉತ್ತರ ಬಂತು, ಜವಾಬು ಬಂತೇ? ‘ಆನ್ಸರ್’ ಎಂಬ ಒಂದು ಪದದ ಹಲವು ಅರ್ಥಗಳು

ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹೋಬಳಿಯ ರೈತನೊಬ್ಬ, ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗೋ, ಅಣ್ತಮ್ಮಂದಿರ ಪಾಲು ಮುಗಿದ ಮೇಲೆ ಪೋಡಿಗೋ ಒಂದು ಅರ್ಜಿ ಕೊಟ್ಟ ಎಂದುಕೊಳ್ಳಿ. ಹೊಣಕೆರೆಯೇ ಆಗಬೇಕೆಂದಿಲ್ಲ, ಮಳವಳ್ಳಿಯಾದರೂ ಸರಿ, ಸಿಂಧನೂರಾದರೂ ಸರಿ. ಮೂರು ತಿಂಗಳು ಓಡಾಡಿದ ಮೇಲೆ ಅವನ ಕೈಗೆ ಒಂದು ಹಾಳೆ ಬರುತ್ತದೆ. ಮೇಲೆ ಸಂಖ್ಯೆ, ದಿನಾಂಕ, ಕೆಳಗೆ ಮೊಹರು, ನಡುವೆ ಎರಡು ಸಾಲು: ಸದರಿ ವಿಷಯವನ್ನು ನಿಯಮಾನುಸಾರ ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು. ಕಂಪ್ಯೂಟರಿನಲ್ಲಿ ಅರ್ಜಿಯ ಎದುರು ‘ವಿಲೇವಾರಿ’ ಎಂದು ಬೀಳುತ್ತದೆ.

ಕಚೇರಿಯ ಲೆಕ್ಕದಲ್ಲಿ ಉತ್ತರ ಕೊಟ್ಟಾಯಿತು. ಊರಿಗೆ ಬಂದ ರೈತ ಅರಳಿಕಟ್ಟೆ ಮೇಲೆ ಕೂತು ಹೇಳುವುದೇ ಬೇರೆ: “ಏನೂ ಜವಾಬೇ ಕೊಡ್ನಿಲ್ಲ ಕಣಣ್ಣ.”

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಂಗ್ಲಿಷಿನಲ್ಲಿ ‘ಆನ್ಸರ್’ ಅನ್ನುವ ಒಂದೇ ಪದ ಎಳೆದುಕೊಂಡು ಹೋಗುವ ಅರ್ಥಗಳನ್ನು ಕನ್ನಡ ಹತ್ತಾರು ಪದಗಳಲ್ಲಿ ಹಂಚಿಟ್ಟುಕೊಂಡಿದೆ. ಆ ಹಂಚಿಕೆ ಗೊತ್ತಿದ್ದರೆ ನಮ್ಮ ಕೈಗೆ ಬಂದ ಹಾಳೆ ಯಾವ ಜಾತಿಯ ಉತ್ತರ ಎನ್ನುವುದು ಗೊತ್ತಾಗುತ್ತದೆ. ಗೊತ್ತಿಲ್ಲದಿದ್ದರೆ ಖಾಲಿ ಹಾಳೆಯನ್ನೇ ಉತ್ತರ ಎಂದು ಜೋಪಾನವಾಗಿ ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತೇವೆ.

ಒಂದು ಪದ, ಹತ್ತು ಕೆಲಸ

ಇಂಗ್ಲಿಷಿನವರು ಫೋನನ್ನು ಆನ್ಸರ್ ಮಾಡುತ್ತಾರೆ, ನಾವು ಎತ್ತುತ್ತೇವೆ. ಅವರು ಬಾಗಿಲನ್ನೂ ಆನ್ಸರ್ ಮಾಡುತ್ತಾರೆ, ನಾವು ತೆಗೆಯುತ್ತೇವೆ. ‘ಚಂದಾದಾರರು ಉತ್ತರಿಸುತ್ತಿಲ್ಲ’ ಎನ್ನುವುದು ಮೊಬೈಲ್ ಕಂಪನಿಯ ಕನ್ನಡ. ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ, “ಫೋನ್ ಎತ್ತ್‌ತಾ ಇಲ್ಲ” ಅಂತಾರೆ, ಅಷ್ಟೇ.

ದೇವರು ಪ್ರಾರ್ಥನೆಯನ್ನು ಆನ್ಸರ್ ಮಾಡುವುದು ಅವರ ರೂಢಿ. ನಮ್ಮ ಕಡೆ ದೇವರು ಕಣ್ಣು ಬಿಡುತ್ತಾನೆ, ಹರಕೆ ಫಲಿಸುತ್ತದೆ. ಖಚಿತವಾದ ಉತ್ತರವೇ ಬೇಕು ಅಂದರೆ ಹೂವು ಕೇಳುವ ಪದ್ಧತಿ ಇದೆ. ಹೂವು ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ದೇವರ ವಿಷಯದಲ್ಲೂ ಹಳ್ಳಿಯ ಜನ ಹೌದು ಅಥವಾ ಇಲ್ಲ ಎನ್ನುವುದನ್ನು ಎದುರು ನೋಡುತ್ತಾರೆ ಎನ್ನುವುದನ್ನು ಗಮನಿಸಿ.

ಪರೀಕ್ಷೆಯಲ್ಲಿ ಬರೆಯುವುದು ಉತ್ತರ, ಬರೆದ ಹಾಳೆ ಉತ್ತರ ಪತ್ರಿಕೆ. ಆದರೆ ಲೆಕ್ಕವನ್ನು ಬಿಡಿಸುತ್ತೇವೆ, ಒಗಟನ್ನು ಒಡೆಯುತ್ತೇವೆ. ಒಗಟು ಕಟ್ಟಿದ ಗಂಟು ಅನ್ನುವ ಕಲ್ಪನೆ ಆ ಮಾತಿನಲ್ಲೇ ಇದೆ. ‘ಗೂಗಲ್‌ಗೆ ಚೀನಾದ ಆನ್ಸರ್ ಬೈದು’ ಎಂದು ಇಂಗ್ಲಿಷ್ ಪತ್ರಿಕೆ ಬರೆದರೆ ಕನ್ನಡದ ವರದಿಗಾರ ‘ಸೆಡ್ಡು ಹೊಡೆದ’ ಎಂದು ಬರೆಯುತ್ತಾನೆ. ಮಗ ಅಪ್ಪನಿಗೆ ಆನ್ಸರ್ ಬ್ಯಾಕ್ ಮಾಡಿದರೆ ಅದು ಎದುರುತ್ತರ. “ಎದುರು ಮಾತಾಡ್ತೀಯೇನ್ಲಾ?” ಎನ್ನುವ ಗದರಿಕೆಯಲ್ಲಿ ಉತ್ತರ ಕೊಡುವುದೇ ತಪ್ಪು ಎನ್ನುವ ಧ್ವನಿ ಇದೆ.

ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಚಿಕ್ಕದು ‘ಓ’. ಹೊಲದ ಬದುವಿನಿಂದ ಯಾರೋ ಕೂಗಿದರೆ ಆ ಕಡೆಯಿಂದ “ಓ...” ಎನ್ನುವುದು. ಇದರಿಂದಲೇ ‘ಓಗೊಡು’ ಬಂದಿದೆ. ಓಗೊಟ್ಟವನು ಕೇಳಿದ ಪ್ರಶ್ನೆಗೆ ಏನನ್ನೂ ಹೇಳಿರುವುದಿಲ್ಲ, ಕೂಗು ಕೇಳಿಸಿದೆ, ಇಲ್ಲಿದ್ದೇನೆ ಎಂದಷ್ಟೇ ತಿಳಿಸಿರುತ್ತಾನೆ. ಕಥೆ ಕೇಳುವಾಗ ಹೂಂಗುಟ್ಟುವುದೂ ಹಾಗೆಯೇ. ಹೂಂಗುಟ್ಟುವವರಿಲ್ಲದೆ ಅಜ್ಜಿ ಕಥೆ ಮುಂದುವರಿಸುವುದಿಲ್ಲ. ಹಾಡುವವರ ಮೇಳದಲ್ಲಿ ಮುಮ್ಮೇಳದವರು ಒಂದು ಸಾಲು ಎತ್ತಿದರೆ ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಉತ್ತರ ಕರ್ನಾಟಕಕ್ಕೆ ಹೋದರೆ ಹರದೇಶಿ–ನಾಗೇಶಿ ಹಾಡಿಕೆಯಲ್ಲಿ ಸೊಲ್ಲು ಸಾಲದು, ಸವಾಲ್‌ಗೆ ಜವಾಬ್ ಬೇಕು. ಎದುರಾಳಿ ಕೇಳಿದ್ದನ್ನು ಬಿಟ್ಟು ಬೇರೆ ಹಾಡಿದವರನ್ನು ಸಭೆ ಗೆದ್ದರು ಎಂದು ಒಪ್ಪುವುದಿಲ್ಲ.

ಇದೇ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಆಡಳಿತದಲ್ಲಿದ್ದುಕೊಂಡೇ ಹಳ್ಳಿಗರ ಹಾಡು, ಮಾತುಗಳನ್ನು ಸಂಗ್ರಹಿಸಿದವರು, ಮುಂದೆ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದವರು. ಕಚೇರಿಯ ಕನ್ನಡ, ಹೊಲದ ಕನ್ನಡ ಎರಡನ್ನೂ ಬಲ್ಲ ಅಂಥವರು ಅಪರೂಪ. ಈ ಎರಡು ಕನ್ನಡಗಳ ನಡುವಿನ ಅಂತರವೇ ಇಲ್ಲಿನ ವಿಷಯ.

ಪದದ ಬೇರಿನಲ್ಲಿ ಆಣೆ ಇದೆ

‘ಆನ್ಸರ್’ ಪದದ ಹಳೆಯ ಇಂಗ್ಲಿಷ್ ರೂಪ ‘ಆಂಡ್‌ಸ್ವಾರು’. ‘ಆಂಡ್’ ಅಂದರೆ ಎದುರಾಗಿ, ಉಳಿದ ಭಾಗ ಆಣೆ ಮಾಡು ಎನ್ನುವ ಅರ್ಥದ ‘ಸ್ವೇರ್’ ಪದದ ನೆಂಟ. ಅಂದರೆ ಮೂಲದಲ್ಲಿ ಆನ್ಸರ್ ಎಂದರೆ ಮಾತಿಗೆ ಮಾತು ಅಲ್ಲ. ಆರೋಪ ಹೊತ್ತವನು ಅದಕ್ಕೆ ಎದುರಾಗಿ ಆಣೆ ಇಟ್ಟು ಆಡುವ ಮಾತು. ‘ರೆಸ್ಪಾನ್ಸ್’ ಪದದ ಒಳಗಿರುವ ಲ್ಯಾಟಿನ್ ‘ಸ್ಪೋಂಡೆರೆ’ಗೆ ಮಾತು ಕೊಡು, ಹೊಣೆ ನಿಲ್ಲು ಎನ್ನುವ ಅರ್ಥ. ಅದರಿಂದಲೇ ‘ರೆಸ್ಪಾನ್ಸಿಬಲ್’. ‘ರಿಪ್ಲೈ’ ಮಾತ್ರ ಹಗುರ. ಅದರ ಲ್ಯಾಟಿನ್ ಮೂಲಕ್ಕೆ ಮಡಿಸಿ ಹಿಂದಕ್ಕೆ ತಿರುಗಿಸು ಎಂದಷ್ಟೇ ಅರ್ಥ.

ನಮ್ಮಲ್ಲೂ ಅಷ್ಟೇ. ‘ಉತ್ತರ’ ಸಂಸ್ಕೃತದ್ದು. ಮೇಲಿನದು, ಆಮೇಲಿನದು ಎನ್ನುವುದು ಅದರ ಅರ್ಥ. ಆದ್ದರಿಂದ ಅದು ದಿಕ್ಕೂ ಹೌದು, ಭಾದ್ರಪದದ ಉತ್ತರೆ ಮಳೆಯೂ ಹೌದು, ಸತ್ತ ಮೇಲಿನ ಉತ್ತರಕ್ರಿಯೆಯೂ ಹೌದು. ಪ್ರಶ್ನೆಯ ಆಮೇಲೆ ಬರುವುದು ಉತ್ತರ. ಆಮೇಲೆ ಬಂದರೆ ಸಾಕು, ಏನು ಬಂತು ಎನ್ನುವುದನ್ನು ಆ ಪದ ಕೇಳುವುದಿಲ್ಲ. ಒಲೆ ಮುಂದೆ ಪೌರುಷ ಕೊಚ್ಚಿದ ಮಹಾಭಾರತದ ರಾಜಕುಮಾರನ ಹೆಸರೂ ಉತ್ತರನೇ ಆಗಿರುವುದು ಆಕಸ್ಮಿಕ, ಆದರೆ ಕಚೇರಿಗೆ ಅಲೆದವರಿಗೆ ಅದು ನೆನಪಾಗದೆ ಇರದು.

‘ಜವಾಬು’ ಅರಬ್ಬಿಯಿಂದ ಉರ್ದು ಹಾದು ಬಂದದ್ದು. ಅದಕ್ಕೆ ಹೊಂದಿರುವವನು ಎನ್ನುವ ಪರ್ಷಿಯನ್ ‘ದಾರ್’ ಸೇರಿದರೆ ಜವಾಬ್ದಾರ. ಉತ್ತರ ಕೊಡಬೇಕಾದವನೇ ಜವಾಬ್ದಾರ, ಆ ಸ್ಥಿತಿಯೇ ಜವಾಬ್ದಾರಿ. ನಾವು ದಿನಕ್ಕೆ ಹತ್ತು ಸಲ ಬಳಸುವ ಪದದ ಹೊಟ್ಟೆಯಲ್ಲೇ ‘ಉತ್ತರ ಕೊಡು’ ಎನ್ನುವ ಕಟ್ಟಳೆ ಇದೆ. ಅಚ್ಚಗನ್ನಡದ ‘ಹೊಣೆ’ಯ ಹಳಗನ್ನಡ ರೂಪ ‘ಪೊಣೆ’. ಇನ್ನೊಬ್ಬರ ಪರ ಜಾಮೀನು ನಿಲ್ಲುವುದು ಅದರ ಅರ್ಥ, ಲ್ಯಾಟಿನ್ನಿನವರ ‘ಸ್ಪೋಂಡೆರೆ’ಗೆ ಬಹಳ ಹತ್ತಿರ. ಹೊಣಕೆರೆಯ ಹೆಸರಿಗೂ ಈ ಪದಕ್ಕೂ ನಂಟು ಹೆಣೆಯಲು ಹೋಗುವುದು ಬೇಡ, ಆದರೆ ಆ ಊರಿನವರ ಕಿವಿಗೆ ಈ ಪದ ಹೊಸತಲ್ಲ.

ಪತ್ರಿಕೆಗಳಿಗೆ ಪ್ರಿಯವಾದ ‘ಸ್ಪಂದನೆ’ಯ ಕಥೆ ಬೇರೆ. ಸಂಸ್ಕೃತದಲ್ಲಿ ಅದು ಮಿಡಿತ, ನಾಡಿಯ ಬಡಿತ. ಸರ್ಕಾರ ತನ್ನ ದೂರು ವ್ಯವಸ್ಥೆಗೆ ‘ಜನಸ್ಪಂದನ’ ಎಂದು ಹೆಸರಿಟ್ಟಿದೆ, 1902ಕ್ಕೆ ಫೋನು ಮಾಡಿ ದೂರು ದಾಖಲಿಸಬಹುದು. ಹೆಸರು ಚೆನ್ನಾಗಿದೆ. ಆದರೆ ಮಿಡಿಯುವುದು ಒಂದು, ಮಾತು ಕೊಡುವುದು ಇನ್ನೊಂದು. ಮನವಿಗೆ ಸಚಿವರು ಸ್ಪಂದಿಸಿದರು ಎನ್ನುವ ಸುದ್ದಿ ಓದಿದಾಗ ಕೆಲಸ ಆಯಿತೋ, ಮರುಕ ಪಟ್ಟರೋ ಗೊತ್ತಾಗುವುದಿಲ್ಲ.

ಒಟ್ಟಿನಲ್ಲಿ ಮೂರು ಮೆಟ್ಟಿಲು ಸಿಗುತ್ತವೆ. ಮೊದಲನೆಯದು ಓಗೊಡುವುದು: ಕೇಳಿಸಿತು. ಎರಡನೆಯದು ಉತ್ತರ: ಏನೋ ಒಂದು ಹೇಳಿದೆ. ಮೂರನೆಯದು ಜವಾಬು: ಕೇಳಿದ್ದಕ್ಕೆ ಹೇಳಿದೆ, ಹೇಳಿದ್ದಕ್ಕೆ ನಾನು ಹೊಣೆ. ಇಂಗ್ಲಿಷಿನ ‘ಆನ್ಸರ್’ ಮೂರನ್ನೂ ಒಂದೇ ಚೀಲದಲ್ಲಿ ಹಾಕುತ್ತದೆ.

ಮೈಸೂರು ಸೀಮೆಯಲ್ಲಿ ಈ ವ್ಯತ್ಯಾಸ ಚಳವಳಿಯಾಗಿತ್ತು

ಇದು ನಿಘಂಟಿನ ಜಗಳ ಎನಿಸಿದರೆ ನಮ್ಮದೇ ಚರಿತ್ರೆಯನ್ನು ನೋಡಬೇಕು. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನ ನಡೆಸಿದರು. 144 ಮಂದಿ ಪ್ರತಿನಿಧಿಗಳು, ಹೆಚ್ಚಿನವರು ಜಮೀನುದಾರರು, ವರ್ತಕರು. ದೇಶೀಯ ಸಂಸ್ಥಾನವೊಂದರಲ್ಲಿ ಅಂಥ ಸಭೆ ಸೇರಿದ್ದು ಆ ಕಾಲಕ್ಕೆ ದೊಡ್ಡ ವಿಷಯ. ದಸರೆಯ ಹೊತ್ತಿಗೆ ಸೇರುತ್ತಿದ್ದ ಸಭೆಯಲ್ಲಿ ದಿವಾನರು ವರ್ಷದ ಆಡಳಿತದ ವರದಿ ಓದುತ್ತಿದ್ದರು. ಪ್ರತಿನಿಧಿಗಳು ಕೆರೆ, ಕಂದಾಯ, ರಸ್ತೆಗಳ ಅಹವಾಲು ಹೇಳುತ್ತಿದ್ದರು. ದಿವಾನರು ಉತ್ತರ ಕೊಡುತ್ತಿದ್ದರು.

ಉತ್ತರವೇನೋ ಸಿಗುತ್ತಿತ್ತು. ಆದರೆ ಆ ಉತ್ತರ ಒಪ್ಪಿಗೆಯಾಗದಿದ್ದರೆ ಸಭೆ ಏನೂ ಮಾಡುವಂತಿರಲಿಲ್ಲ. ದಿವಾನರು ಸಭೆಗೆ ಬಾಧ್ಯರಲ್ಲ, ಮಹಾರಾಜರಿಗೆ ಬಾಧ್ಯರು. ಮುಂದೆ 1891ರಲ್ಲಿ ಚುನಾವಣೆಯ ಪದ್ಧತಿ ಬಂತು, 1923ರಲ್ಲಿ ಸಭೆಗೆ ಕಾನೂನಿನ ಸ್ಥಾನ ಸಿಕ್ಕಿತು. ಸಭೆ ಬೆಳೆಯಿತು, ಪ್ರಶ್ನೆಗಳು ಬೆಳೆದವು, ಆದರೆ ಸರ್ಕಾರವನ್ನು ಇಳಿಸುವ ಅಧಿಕಾರ ಮಾತ್ರ ಬರಲಿಲ್ಲ.

ಆದ್ದರಿಂದ ಮೈಸೂರು ಕಾಂಗ್ರೆಸ್ಸಿನವರು ಬೇಡಿಕೆ ಇಟ್ಟಾಗ ಆರಿಸಿಕೊಂಡ ಮಾತು ‘ಉತ್ತರ ಕೊಡುವ ಸರ್ಕಾರ’ ಅಲ್ಲ, ‘ಜವಾಬ್ದಾರಿ ಸರ್ಕಾರ’. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಅಧಿವೇಶನ ಸೇರಿ, ನಿಷೇಧ ಮೀರಿ ತ್ರಿವರ್ಣ ಧ್ವಜ ಹಾರಿಸಿದ್ದು ಈ ಹೋರಾಟದ ಭಾಗ. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ಮಂಡ್ಯ ಜಿಲ್ಲೆಯೇ ಹುಟ್ಟಿದ್ದು ಅದರ ಮರುವರ್ಷ, 1939ರಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ‘ಮೈಸೂರು ಚಲೋ’ ಚಳವಳಿ ನಡೆದು, 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದ ಸರ್ಕಾರ ಬಂದಾಗಲೇ ಆ ಬೇಡಿಕೆ ಈಡೇರಿದ್ದು.

ರಂಗಾಚಾರ್ಲು ಕಾಲದಿಂದ ರೆಡ್ಡಿಯವರವರೆಗಿನ 66 ವರ್ಷಗಳನ್ನು ಉತ್ತರದಿಂದ ಜವಾಬಿಗೆ ನಡೆದ ದಾರಿ ಎನ್ನಬಹುದು. ಪ್ರಶ್ನೆ ಇಷ್ಟೇ: ವಿಧಾನಸೌಧದ ಮಟ್ಟದಲ್ಲಿ ಬಂದ ಜವಾಬ್ದಾರಿ ಹೋಬಳಿಯ ಕಿಟಕಿಯವರೆಗೆ ಇಳಿಯಿತೇ?

ಹಿಂಬರಹ ಎಂಬ ಹಾಳೆ

ರೈತನ ಕೈಗೆ ಬಂದ ಹಾಳೆಗೆ ಕಚೇರಿಯಲ್ಲಿ ‘ಹಿಂಬರಹ’ ಎನ್ನುತ್ತಾರೆ. ಅರ್ಜಿಯ ಬೆನ್ನ ಮೇಲೆ ಬರೆದು ವಾಪಸು ಕೊಡುವುದು ಆ ಪದದ ಅರ್ಥ. ಇಂಗ್ಲಿಷಿನ ‘ಎಂಡಾರ್ಸ್‌ಮೆಂಟ್’ ಒಳಗೂ ಬೆನ್ನು ಎನ್ನುವ ಲ್ಯಾಟಿನ್ ಪದವೇ ಇದೆ. ಈಗ ಬೇರೆ ಹಾಳೆ ಬಂದಿದೆ, ಹೆಸರು ಹಳೆಯದೇ ಉಳಿದಿದೆ.

ಹಿಂಬರಹದ ಜೊತೆಗೆ ಕಚೇರಿಯಲ್ಲಿ ಇನ್ನೂ ಹಲವು ಉತ್ತರಗಳಿವೆ. ಅರ್ಜಿ ಕೊಟ್ಟಾಗ ಸಿಗುವುದು ಸ್ವೀಕೃತಿ. ಅದು ‘ಓ’ ಎಂದಂತೆ, ಅಷ್ಟೇ. ಮೇಲಧಿಕಾರಿ ಕೆಳಗಿನವರನ್ನು ಕೇಳಿದಾಗ ಬರುವುದು ಸಮಜಾಯಿಷಿ. ಕೊಟ್ಟ ಸೂಚನೆ ಜಾರಿಯಾಯಿತೆಂದು ತಿಳಿಸುವುದು ಅನುಪಾಲನಾ ವರದಿ. ತೀರ್ಮಾನ ಹೇಳುವುದು ಆದೇಶ. ಇವುಗಳಲ್ಲಿ ಅರ್ಜಿದಾರನಿಗೆ ನಿಜವಾಗಿ ಬೇಕಾದದ್ದು ಆದೇಶ. ಅವನಿಗೆ ಹೆಚ್ಚಾಗಿ ಸಿಗುವುದು ಹಿಂಬರಹ.

ವ್ಯತ್ಯಾಸ ಯಾಕೆ ಮುಖ್ಯ ಎಂದರೆ, ಮೇಲಕ್ಕೆ ಹೋಗುವ ಮೆಟ್ಟಿಲು ಆದೇಶದಿಂದ ಶುರುವಾಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳಿಗೆ ಉಪವಿಭಾಗಾಧಿಕಾರಿ ಕಚೇರಿ ಪಾಂಡವಪುರದಲ್ಲಿದೆ. ಜಮೀನಿನ ಖಾತೆಯ ವಿಷಯದಲ್ಲಿ ತಾಲ್ಲೂಕು ಮಟ್ಟದ ಆದೇಶ ಒಪ್ಪಿಗೆಯಾಗದಿದ್ದರೆ ಅಲ್ಲಿಗೆ ಮೇಲ್ಮನವಿ ಹಾಕಬಹುದು. ‘ನಿಮ್ಮ ಅರ್ಜಿ ತಿರಸ್ಕರಿಸಲಾಗಿದೆ, ಕಾರಣ ಇಂಥದ್ದು’ ಎಂದರೆ ರೈತ ಅದನ್ನು ಹಿಡಿದು ಪಾಂಡವಪುರದ ಬಸ್ಸು ಹತ್ತಬಹುದು. ‘ಪರಿಶೀಲಿಸಲಾಗುವುದು’ ಎಂದರೆ? ಹೌದೂ ಅಲ್ಲ, ಇಲ್ಲವೂ ಅಲ್ಲ. ಯಾವುದರ ಮೇಲೆ ಮೇಲ್ಮನವಿ ಹಾಕುವುದು? ‘ಇಲ್ಲ’ ಎನ್ನುವ ಜವಾಬಿಗಿಂತ ಏನನ್ನೂ ಹೇಳದ ಉತ್ತರ ಹೆಚ್ಚು ಅಪಾಯ, ಏಕೆಂದರೆ ಅದು ಬಾಗಿಲನ್ನೂ ತೆರೆಯುವುದಿಲ್ಲ, ಬಾಗಿಲು ಮುಚ್ಚಿದೆ ಎಂದೂ ಹೇಳುವುದಿಲ್ಲ.

ಬಗರ್ ಹುಕುಂ ಸಾಗುವಳಿದಾರರನ್ನು ಕೇಳಿ. 1991ರಲ್ಲಿ ನಮೂನೆ 50, ಅದೇ ದಶಕದ ಕೊನೆಗೆ ನಮೂನೆ 53, 2018ರಲ್ಲಿ ನಮೂನೆ 57. ಅಪ್ಪ ತುಂಬಿದ ನಮೂನೆಗೆ ತೀರ್ಮಾನ ಬರುವ ಮೊದಲೇ ಮಗ ಮುಂದಿನ ನಮೂನೆ ತುಂಬಿದ ಕುಟುಂಬಗಳು ರಾಜ್ಯದ ಎಲ್ಲ ಕಡೆ ಇವೆ. ಅವರ ಬಳಿ ಸ್ವೀಕೃತಿ ಇದೆ. ಒಮ್ಮೊಮ್ಮೆ ಹಿಂಬರಹವೂ ಇದೆ. ಇಲ್ಲದಿರುವುದು ಆದೇಶ.

ನ್ಯಾಯಾಲಯದಲ್ಲಿ ಹಾರಿಕೆಯ ಉತ್ತರ ನಡೆಯುವುದಿಲ್ಲ

ಸಿವಿಲ್ ದಾವೆಯಲ್ಲಿ ಪ್ರತಿವಾದಿ ಸಲ್ಲಿಸುವ ಉತ್ತರಕ್ಕೆ ಲಿಖಿತ ಹೇಳಿಕೆ ಎನ್ನುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶ ಅದು ಹೇಗಿರಬೇಕು ಎನ್ನುವುದನ್ನು ಬಿಡಿಸಿ ಹೇಳುತ್ತದೆ. ನಿರಾಕರಣೆ ಹಾರಿಕೆಯದಾಗಿರಬಾರದು, ಆರೋಪದ ತಿರುಳಿಗೇ ಉತ್ತರ ಹೇಳಬೇಕು. ಕೊಟ್ಟಿರುವ ಉದಾಹರಣೆಯೂ ಸೊಗಸಾಗಿದೆ. ಇಂತಿಷ್ಟು ಹಣ ಪಡೆದಿದ್ದಾನೆ ಎಂಬ ಆರೋಪಕ್ಕೆ ‘ಅಷ್ಟು ಹಣ ಪಡೆದಿಲ್ಲ’ ಎಂದರೆ ಸಾಲದು. ಆ ಹಣವನ್ನಾಗಲೀ ಅದರ ಯಾವ ಭಾಗವನ್ನಾಗಲೀ ಪಡೆದಿಲ್ಲ ಎನ್ನಬೇಕು, ಇಲ್ಲವೇ ಎಷ್ಟು ಪಡೆದೆ ಎಂದು ಹೇಳಬೇಕು. ಸ್ಪಷ್ಟವಾಗಿ ನಿರಾಕರಿಸದ ಮಾತನ್ನು ಒಪ್ಪಿಕೊಂಡಂತೆ ಎಂದು ಎಣಿಸಬಹುದು.

ಅಂದರೆ ಪಕ್ಕದ ಹೊಲದವನ ಮೇಲೆ ಒಬ್ಬ ರೈತ ದಾವೆ ಹೂಡಿದರೆ, ಆ ಪಕ್ಕದವನು ತಿರುಳಿಗೆ ಉತ್ತರ ಕೊಡಲೇಬೇಕು. ಅದೇ ರೈತ ಸರ್ಕಾರಕ್ಕೆ ಅರ್ಜಿ ಕೊಟ್ಟರೆ?

ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಇದೇ ಸಂಹಿತೆಯ 80ನೇ ಪ್ರಕರಣದಂತೆ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು. ಸರ್ಕಾರ ಯೋಚಿಸಿ ಉತ್ತರ ಕೊಡಲಿ, ಅನಗತ್ಯ ದಾವೆ ತಪ್ಪಲಿ ಎನ್ನುವುದು ಉದ್ದೇಶ. 2005ರ ಆಗಸ್ಟ್ 2ರಂದು ಸೇಲಂ ಅಡ್ವೊಕೇಟ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದರ ನಿಜಸ್ಥಿತಿ ಹೇಳಿತು: ಬಹಳ ಪ್ರಕರಣಗಳಲ್ಲಿ ನೋಟಿಸಿಗೆ ಉತ್ತರವೇ ಇಲ್ಲ, ಕೊಟ್ಟ ಕೆಲವೂ ಅಸ್ಪಷ್ಟ, ಹಾರಿಕೆ. ಉತ್ತರ ಕೊಡಲು ಹೊಣೆಯ ಅಧಿಕಾರಿಯನ್ನು ನೇಮಿಸಿ ಎಂದು ಎಲ್ಲ ಸರ್ಕಾರಗಳಿಗೂ ಸೂಚಿಸಿತು. ಹೊಣಕೆರೆಯ ರೈತ “ಜವಾಬೇ ಕೊಡ್ನಿಲ್ಲ” ಎನ್ನುವುದನ್ನೇ ದೇಶದ ಅತ್ಯುನ್ನತ ನ್ಯಾಯಾಲಯ ಕಾನೂನಿನ ಭಾಷೆಯಲ್ಲಿ ಹೇಳಿದೆ.

ಕಾನೂನಿನಲ್ಲಿ ‘ಸ್ಪೀಕಿಂಗ್ ಆರ್ಡರ್’ ಎನ್ನುವ ಮಾತೂ ಇದೆ. ತನ್ನ ಕಾರಣವನ್ನು ತಾನೇ ಹೇಳುವ ಆದೇಶ, ನಮ್ಮಲ್ಲಿ ಸಕಾರಣ ಆದೇಶ. ಹಕ್ಕುಗಳನ್ನು ತೀರ್ಮಾನಿಸುವ ಅಧಿಕಾರಿಗಳು ಸಾಮಾನ್ಯವಾಗಿ ಕಾರಣ ಕೊಡಲೇಬೇಕು ಎಂದು 1990ರಲ್ಲಿ ಎಸ್.ಎನ್. ಮುಖರ್ಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಾತಾಡದ ಆದೇಶ ಆದೇಶವಲ್ಲ ಎನ್ನುವುದು ಅದರ ಸಾರ.

ಮೌನವೂ ಒಂದು ಉತ್ತರ

ಮೌನಂ ಸಮ್ಮತಿ ಲಕ್ಷಣಂ ಎನ್ನುವುದು ಹಳೆಯ ಮಾತು. ಹೆಣ್ಣು ನೋಡುವ ಶಾಸ್ತ್ರದಿಂದ ಹಿಡಿದು ಗ್ರಾಮಸಭೆಯವರೆಗೆ ಇದನ್ನು ಬಳಸಿ, ದನಿ ಇಲ್ಲದವರ ಒಪ್ಪಿಗೆ ಪಡೆದದ್ದಾಗಿದೆ. ಸರ್ಕಾರದ ಮೌನಕ್ಕೆ ಮಾತ್ರ 2005ರ ಮಾಹಿತಿ ಹಕ್ಕು ಕಾಯ್ದೆ ತಿರುಗುಮುರುಗಾದ ಅರ್ಥ ಕೊಟ್ಟಿದೆ. 30 ದಿನದಲ್ಲಿ ಮಾಹಿತಿ ಕೊಡದಿದ್ದರೆ ಅದನ್ನು ನಿರಾಕರಣೆ ಎಂದೇ ಎಣಿಸಬೇಕು. ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ ಅವಧಿ 48 ಗಂಟೆ. ಇದು ದೊಡ್ಡ ಬದಲಾವಣೆ. ಮೌನವನ್ನು ‘ಇಲ್ಲ’ ಎಂದು ಓದಿದ ಕೂಡಲೇ ಮೇಲ್ಮನವಿಯ ಬಾಗಿಲು ತೆರೆಯುತ್ತದೆ. ಮೊದಲ ಮೇಲ್ಮನವಿಗೆ 30 ದಿನ, ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿಗೆ 90 ದಿನ. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು.

ಸಕಾಲ ಕಾಯ್ದೆಯೂ ಇದೇ ದಾರಿಯದು. ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟರೆ 15 ಅಂಕಿಯ ಸಂಖ್ಯೆ ಸಿಗಬೇಕು. ಗೊತ್ತುಪಡಿಸಿದ ದಿನದೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು. ಆದರೆ ತಡವಾದದ್ದಕ್ಕೆ ಒಬ್ಬ ಅಧಿಕಾರಿ ಹೊಣೆ ಎಂದು ಕಾಗದದ ಮೇಲೆ ಒಪ್ಪಿಕೊಂಡದ್ದು ಚಿಕ್ಕದಲ್ಲ.

ಇಲ್ಲಿ ಒಂದು ತೊಡಕಿದೆ. ಮಾಹಿತಿ ಹಕ್ಕಿನಲ್ಲಿ ‘ನನ್ನ ಅರ್ಜಿ ಯಾಕೆ ತಿರಸ್ಕರಿಸಿದಿರಿ?’ ಎಂದು ಕೇಳಿದರೆ ‘ಇದು ಮಾಹಿತಿಯ ವ್ಯಾಖ್ಯೆಗೆ ಒಳಪಡುವುದಿಲ್ಲ’ ಎನ್ನುವ ಉತ್ತರ ಬರುವುದುಂಟು. ಕಡತದಲ್ಲಿ ಇರುವುದನ್ನು ಕೊಡಬೇಕೇ ಹೊರತು ಹೊಸದಾಗಿ ಅಭಿಪ್ರಾಯ, ಸಲಹೆ ತಯಾರಿಸಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಆದಿತ್ಯ ಬಂಡೋಪಾಧ್ಯಾಯ ಪ್ರಕರಣದಲ್ಲಿ ಹೇಳಿತ್ತು. ತಮಾಷೆ ಎಂದರೆ ಆ ಪ್ರಕರಣವೇ ಉತ್ತರ ಪತ್ರಿಕೆಯದು. ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಸಿಕ್ಕಿದ್ದು ಅಲ್ಲಿಂದಲೇ.

ಹಾಗಾಗಿ ಕೇಳುವ ಕ್ರಮ ಬದಲಿಸಬೇಕು. ‘ಯಾಕೆ’ ಎನ್ನುವ ಬದಲು ‘ಇಂಥ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ನಕಲು ಕೊಡಿ’ ಎನ್ನಬೇಕು. ವಿಷಯ ನಿರ್ವಾಹಕರು ಏನು ಬರೆದರು, ಶಿರಸ್ತೇದಾರರು ಏನೆಂದರು, ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಎಲ್ಲವೂ ಅಲ್ಲಿರುತ್ತದೆ. ‘ಯಾಕೆ’ ಎನ್ನುವುದಕ್ಕೂ ಕಾಯ್ದೆಯಲ್ಲಿ ಜಾಗ ಇದೆ: ಆಡಳಿತಾತ್ಮಕ ತೀರ್ಮಾನಗಳ ಕಾರಣಗಳನ್ನು ಅದರಿಂದ ಬಾಧಿತರಾದವರಿಗೆ ತಿಳಿಸಬೇಕು ಎನ್ನುತ್ತದೆ 4(1)(ಡಿ). ಅದನ್ನು ಅರ್ಜಿಯಲ್ಲಿ ಹೆಸರಿಸಿ ಬರೆಯುವುದು ಒಳ್ಳೆಯದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ ಎನ್ನುವುದೂ ನೆನಪಿರಲಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ.

ಬಂದ ಹಾಳೆಯನ್ನು ಅಳೆಯುವುದು ಹೇಗೆ

ಮಾಹಿತಿ ನಿರಾಕರಿಸುವಾಗ ಏನೇನು ಬರೆಯಬೇಕು ಎಂದು ಮಾಹಿತಿ ಹಕ್ಕು ಕಾಯ್ದೆಯ 7(8) ಹೇಳುತ್ತದೆ: ಕಾರಣ, ಮೇಲ್ಮನವಿಯ ಅವಧಿ, ಮೇಲ್ಮನವಿ ಪ್ರಾಧಿಕಾರದ ವಿವರ. ಇದು ಬೇರೆ ಅರ್ಜಿಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ, ಆದರೆ ಅಳತೆಗೋಲಾಗಿ ಬಳಸಲು ಅಡ್ಡಿಯಿಲ್ಲ. ಯಾವುದೇ ಹಿಂಬರಹ ಕೈಗೆ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ನಾನು ಕೇಳಿದ್ದು ಏನು ಎನ್ನುವುದು ಇದರಲ್ಲಿ ಇದೆಯೇ? ಆಗುತ್ತದೆ, ಆಗುವುದಿಲ್ಲ, ಇಂಥ ದಿನದೊಳಗೆ ಆಗುತ್ತದೆ, ಈ ಮೂರರಲ್ಲಿ ಒಂದಾದರೂ ಇದೆಯೇ? ಕಾರಣ, ಯಾವ ಕಾಯ್ದೆ ಎನ್ನುವುದು ಇದೆಯೇ? ಯಾರು ಹೇಳಿದ್ದು, ಅವರ ಮೇಲೆ ಯಾರ ಬಳಿ ಹೋಗಬೇಕು ಎನ್ನುವುದು ಇದೆಯೇ?

ನಾಲ್ಕೂ ಇದ್ದರೆ ಅದು ಜವಾಬು, ಅದು ‘ಆಗಲ್ಲ’ ಎಂದಿದ್ದರೂ ಸರಿ. ಇಲ್ಲದಿದ್ದರೆ ಅದು ಬರೀ ‘ಓ’. ಆಗ ಅದೇ ಹಿಂಬರಹದ ಸಂಖ್ಯೆ, ದಿನಾಂಕ ಉಲ್ಲೇಖಿಸಿ ‘ನನ್ನ ಅರ್ಜಿಯ ಮೇಲೆ ಸಕಾರಣ ಆದೇಶ ಹೊರಡಿಸಿ’ ಎಂದು ಮತ್ತೊಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ “ಆಯ್ತು, ಮಾಡ್ಕೊಡ್ತೀವಿ ಹೋಗಿ” ಎನ್ನುವುದನ್ನು ನಂಬಿ ಬರಬಾರದು.

ಕಿಟಕಿಯ ಆ ಕಡೆ ಕೂತವರ ಪಾಡನ್ನೂ ಹೇಳಬೇಕು. ಮೇಲಿನವರು ಕೇಳುವುದು ಎಷ್ಟು ಅರ್ಜಿ ವಿಲೇವಾರಿಯಾಯಿತು ಎನ್ನುವ ಅಂಕಿಯನ್ನು, ಎಷ್ಟು ಜನರ ಕೆಲಸ ಆಯಿತು ಎನ್ನುವುದನ್ನಲ್ಲ. ಅಂಕಿ ತುಂಬಲು ಹಿಂಬರಹದಷ್ಟು ಸುಲಭದ ದಾರಿ ಇನ್ನೊಂದಿಲ್ಲ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರ ಹೂಡಿದಾಗ ಮೊಬೈಲ್ ಆಪ್‌ಗಳ ಹೊರೆ, ಕನಿಷ್ಠ ಸೌಕರ್ಯದ ಕೊರತೆಯೇ ಅವರ ದೂರಾಗಿತ್ತು. ಅವರ ಮನವಿಗೂ ಸ್ಪಷ್ಟ ಜವಾಬು ಸಿಗುವುದು ಅಷ್ಟೇ ಅಗತ್ಯ. ಮೇಲಿನಿಂದ ಜವಾಬು ಸಿಗದವರು ಕೆಳಗಿನವರಿಗೆ ಜವಾಬು ಕೊಡಲಿ ಎಂದು ಬಯಸುವುದು ಕಷ್ಟ.

ಆದ್ದರಿಂದ ಬದಲಾಗಬೇಕಾದ ಮೊದಲ ವಿಷಯ ಕಂಪ್ಯೂಟರಿನ ಆ ಒಂದು ಕಲಂ. ‘ವಿಲೇವಾರಿ’ ಎನ್ನುವ ಒಂದೇ ಪದದ ಬದಲು ‘ಮಂಜೂರು’, ‘ತಿರಸ್ಕೃತ – ಕಾರಣ ಸಹಿತ’, ‘ಹಿಂಬರಹ ಮಾತ್ರ’ ಎಂದು ಮೂರು ಕಲಂ ಮಾಡಿ, ಹೋಬಳಿವಾರು ಅಂಕಿಗಳನ್ನು ಪ್ರತಿ ತಿಂಗಳು ಕಚೇರಿಯ ಗೋಡೆಗೆ ಅಂಟಿಸಿದರೆ ಸಾಕು. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಆಪ್ ಬೇಡ. ಮೂರನೇ ಕಲಂ ಉದ್ದವಾದಷ್ಟೂ ಆ ಕಚೇರಿ ಬರೀ ಓಗೊಡುತ್ತಿದೆ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಶಿವಪುರದಲ್ಲಿ ಧ್ವಜ ಹಿಡಿದವರು ಕೇಳಿದ ಜವಾಬ್ದಾರಿ ನಾಡಕಚೇರಿಯ ಮಟ್ಟದಲ್ಲಿ ಹೇಗಿರುತ್ತದೆ ಎಂದರೆ ಹೀಗಿರುತ್ತದೆ: ಒಂದು ‘ಹೌದು’ ಅಥವಾ ಒಂದು ‘ಇಲ್ಲ’, ಅದರ ಪಕ್ಕದಲ್ಲಿ ಒಂದು ಕಾರಣ, ಕೆಳಗೆ ಒಬ್ಬರ ಹೆಸರು.